ಒಂದು ಬಟ್ಟಲು ಜೋಳದ ಹಿಟ್ಟು

ದೇವಕಮ್ಮನನ್ನು ನಾನು ಮೊದಲು ನೋಡಿದ್ದು 2003ರ ಜುಲೈ ತಿಂಗಳ ಒಂದು ಬುಧವಾರ. ಹೊತ್ತು ಹನ್ನೊಂದು ದಾಟಿತ್ತು. ಆಗ ನಾನು ಭೀಮರಾಯನಗುಡಿಯಲ್ಲಿ ಒಂದು ಬೀಜದ ಅಂಗಡಿಯ ಹಿಂದಿನ ಕೋಣೆಯಲ್ಲಿ ಕೆಲಸಕ್ಕಿದ್ದೆ. ಬಿ.ಎಸ್ಸಿ. ಮುಗಿಸಿ ಎಂಟು ತಿಂಗಳಾಗಿತ್ತು. ಮುದನಾಳದ ನಮ್ಮ ಮನೆಯಲ್ಲಿ ಕಾಲೇಜಿಗೆ ಹೋದವನು ನಾನೇ ಮೊದಲಿಗ. ಹತ್ತಿ, ಭತ್ತ, ತೊಗರಿಯ ಬೀಜಗಳನ್ನು ಒದ್ದೆ ಕಾಗದದಲ್ಲಿ ಸುತ್ತಿ ಮೊಳಕೆಗಿಡುವುದು, ಸಾವಿರ ಕಾಳು ಎಣಿಸಿ ತೂಗುವುದು, ಚೀಟಿ ಬರೆಯುವುದು ನನ್ನ ಕೆಲಸ. ಕೋಣೆಯಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೂರಿಸಿದ ಒಂದು ಕರೆಂಟಿನ ತಕ್ಕಡಿ ಇತ್ತು. ಬಾಗಿಲು ಸರಿಸಿ ಹತ್ತಿರದಿಂದ ಉಸಿರು ಬಿಟ್ಟರೂ ಅದರ ಅಂಕಿ ಅಲುಗುತ್ತಿತ್ತು.

ಆಕೆ ಹೊಸ್ತಿಲ ಆಚೆ ನಿಂತಿದ್ದಳು. ವಯಸ್ಸು ಮೂವತ್ತರ ಆಸುಪಾಸು. ಬಣ್ಣ ಮಾಸಿದ ಹಸಿರು ಸೀರೆಯ ಅಂಚಿಗೆ ಗದ್ದೆಯ ಕೆಸರು ಒಣಗಿ ಅಂಟಿತ್ತು. ಕೈಯಲ್ಲಿ ಗೊಬ್ಬರದ ಚೀಲ ಕತ್ತರಿಸಿ ಹೊಲಿದ ಒಂದು ಕೈಚೀಲ. ಚಪ್ಪಲಿ ಕಳಚಿ ಗೋಡೆಗೆ ಒರಗಿಸಿಟ್ಟು, ಒಳಗೆ ಬರಲೋ ಬೇಡವೋ ಎಂದು ನನ್ನನ್ನೂ ತಕ್ಕಡಿಯನ್ನೂ ನೋಡುತ್ತಿದ್ದಳು.

"ಸಾಹೇಬ್ರ, ಕಾಜಿನ ಪೆಟ್ಟಿಗ್ಯಾಗಿನ ತಕ್ಕಡಿ ಅಂತಾರಲ್ಲ, ಇದೇ ಏನ್ರಿ?"

"ಹೌದ್ರಿ. ಯಾವ ಬೀಜ ತಂದೀರಿ?"

"ಬೀಜ ಅಲ್ರಿ. ಹಿಟ್ಟು."

ನಾನು ನಕ್ಕೆನೋ ಏನೋ. ಆಕೆ ನಗಲಿಲ್ಲ. ನೆಲದ ಮೇಲೆ ಕುಳಿತು ಚೀಲದಿಂದ ಒಂದೊಂದಾಗಿ ತೆಗೆದಿಟ್ಟಳು. ಹಳೆಯ ಸೀರೆಯ ತುಂಡುಗಳಲ್ಲಿ ಬಿಗಿಯಾಗಿ ಕಟ್ಟಿದ ಮೂರು ಗಂಟು: ಜೋಳದ ಹಿಟ್ಟು, ಅಕ್ಕಿ, ತೊಗರಿಬೇಳೆ. ಟವೆಲಿನಲ್ಲಿ ಸುತ್ತಿದ ಒಂದು ಸ್ಟೀಲಿನ ಬಟ್ಟಲು. ಕೊನೆಗೆ ಪ್ಲಾಸ್ಟಿಕ್ ಹಾಳೆಯೊಳಗೆ ನಾಲ್ಕು ಮಡಿಕೆ ಮಾಡಿಟ್ಟ ಕಾಗದ. ಅದು ಕಲಬುರಗಿಯ ಒಬ್ಬ ಡಾಕ್ಟರು ಬರೆದುಕೊಟ್ಟ ಊಟದ ಪಟ್ಟಿ. ಒಂದು ಹೊತ್ತಿಗೆ ಜೋಳದ ಹಿಟ್ಟು 80 ಗ್ರಾಂ. ಅಥವಾ ಅಕ್ಕಿ 75 ಗ್ರಾಂ. ಜತೆಗೆ ಬೇಳೆ 30 ಗ್ರಾಂ.

"ನನ್ನ ಮಗಳಿಗಿ ಸಕ್ಕರಿ ಬ್ಯಾನಿ ಅದರಿ," ಎಂದಳು. "ಒಂಬತ್ತು ವರ್ಷದ ಕೂಸು. ದಿನಾ ಎರಡು ಸಲ ಸೂಜಿ. ಸೂಜಿಗಿ ಹೆಂಗ ಅಳತಿ ಅದ, ಹಂಗ ಊಟಕ್ಕೂ ಇರಬೇಕಂತ. ಹೆಚ್ಚಾದ್ರ ಸಕ್ಕರಿ ಏರತದ, ಕಮ್ಮಿ ಆದ್ರ ಇಳದು ಕೂಸು ಬೀಳತದ ಅಂದಾರ. ನಮ್ಮ ಮನ್ಯಾಗ ಸೇರು ಅದ, ಪಾವು ಅದ, ಈ ಬಟ್ಲ ಅದ. ಗ್ರಾಮ್ ಇಲ್ರಿ."

"ಊರಾಗ ಕಿರಾಣಿ ಅಂಗಡ್ಯಾಗ ಕೇಳಲಿಲ್ಲೇನು?"

"ಕೇಳೀನ್ರಿ. ಐವತ್ತು ಗ್ರಾಮಿನಕಿಂತ ಸಣ್ಣ ಕಲ್ಲು ಇಲ್ಲಂದ. ಸುರಪುರದಾಗ ಅಕ್ಕಸಾಲ್ಯಾನ ಅಂಗಡಿಗೂ ಹೋದ್ನಿ. ಅಂವ ತೂಗಿ, ಏಳು ತೊಲಿ ಅದ ನೋಡಬೇ, ಸರ ಮಾಡಲ್ಯೋ ಬಳಿ ಮಾಡಲ್ಯೋ ಅಂತ ನಕ್ಕ. ತೊಲಿ ತಗೊಂಡು ನಾ ಏನು ಮಾಡ್ಲಿ? ಇಲ್ಲಿ ತಕ್ಕಡಿ ಅದ ಅಂತ ಬಸ್ಸಿನಾಗ ಯಾರೋ ಹೇಳಿದ್ರು."

ಅಷ್ಟರಲ್ಲಿ ಅಂಗಡಿಯ ಮಾಲೀಕ ನಸೀರುದ್ದೀನ ಭಾಯಿ ಒಳಗೆ ಇಣುಕಿದರು. ನೆಲದ ಮೇಲಿನ ಗಂಟುಗಳನ್ನು ನೋಡಿ, "ಏನಪಾ ಖಂಡಪ್ಪ, ಬೀಜದ ಧಂದೆ ಬಿಟ್ಟು ಗಿರಣಿ ತಗದೇನು?" ಎಂದರು. ನಾನು ವಿಷಯ ಹೇಳಿದೆ. ಅವರ ನಗು ನಿಂತಿತು. "ಒಂಬತ್ತು ವರ್ಷದ್ದಾ? ಯಾ ಅಲ್ಲಾ," ಎಂದರು. "ಬೀಜ ಎಲ್ಲಿ ಓಡಿ ಹೋಗತದ? ಮೊದಲ ಅಕ್ಕಂದು ನೋಡು," ಎಂದು ಹೋಗಿ ಚಹಾ ಕಳಿಸಿದರು.

ಕಾಲೇಜಿನಲ್ಲಿ ಕಲಿಸಿದ ಹಾಗೆಯೇ ಮಾಡಿದೆ. ಮೊದಲು ಬರಿಯ ಬಟ್ಟಲು ತೂಗಿ ಅಂಕಿಯನ್ನು ಸೊನ್ನೆಗೆ ತಂದೆ. ಹಿಟ್ಟಿನ ಗಂಟು ಬಿಚ್ಚಿದಾಗ ಅದು ಬಸ್ಸಿನ ಕುಲುಕಾಟಕ್ಕೆ ಒತ್ತಿಕೊಂಡು ಬೆಲ್ಲದ ಅಚ್ಚಿನ ಹಾಗೆ ಗಟ್ಟಿಯಾಗಿತ್ತು. ಬಟ್ಟಲಿಗೆ ತುಂಬಿ, ನಡುವೆ ಟೊಳ್ಳು ಉಳಿಯಬಾರದೆಂದು ಬೆರಳಿನಿಂದ ಒತ್ತಿ, ಮೇಲೆ ಉಳಿದದ್ದನ್ನು ಸ್ಟೀಲಿನ ಪಟ್ಟಿಯಿಂದ ಸವರಿ ಬಾಯಿಮಟ್ಟ ಗೀರಿದೆ. 80.4 ಗ್ರಾಂ. ಮೂರು ಸಲ ತೂಗಿದೆ. ಅರ್ಧ ಗ್ರಾಮಿನ ವ್ಯತ್ಯಾಸವೂ ಬರಲಿಲ್ಲ. ಡಾಕ್ಟರು ಹೇಳಿದ ಎಂಬತ್ತು ಗ್ರಾಂ ಎಂದರೆ ಸರಿಯಾಗಿ ಒಂದು ಬಟ್ಟಲು! ಲೆಕ್ಕ ಹೀಗೆ ತಾನಾಗಿಯೇ ಕೂಡಿ ಬಂದದ್ದಕ್ಕೆ ನನಗೆ ಖುಷಿಯಾಯಿತು.

ಅಕ್ಕಿ ತುಂಬಿದಾಗ ಅದೇ ಬಟ್ಟಲು ನೂರಾ ಎಂಟು ಗ್ರಾಂ ತೂಗಿತು. ಬೇಳೆ ನೂರಾ ಐದು. ಅಕ್ಕಿಗೆ ಎಲ್ಲಿಯವರೆಗೆ, ಬೇಳೆಗೆ ಎಲ್ಲಿಯವರೆಗೆ ಎಂದು ಬಟ್ಟಲಿನ ಒಳಮೈಯಲ್ಲಿ ಮೊಳೆಯಿಂದ ಎರಡು ಗೆರೆ ಕೊರೆದೆ. ಆಕೆ ಬಗ್ಗಿ ನೋಡುತ್ತಿದ್ದಳು.

"ಬಟ್ಲ ಒಂದೇ. ಅಕ್ಕಿಗಿ ಒಂದು ತೂಕ, ಹಿಟ್ಟಿಗಿ ಒಂದು ತೂಕ," ಎಂದಳು.

"ಹೌದ್ರಿ ಅಕ್ಕಾ. ಕಣ್ಣಿಗಿ ಗೊತ್ತಾಗಂಗಿಲ್ಲ."

"ಕಣ್ಣಿಗಿ ಗೊತ್ತಾಗಂಗಿಲ್ಲ. ತಲಿ ಮ್ಯಾಲ ಹೊರಾಕಿಗಿ ಗೊತ್ತಿರತದ್ರಿ."

ಆಗ ಮಾತ್ರ ಸ್ವಲ್ಪ ನಕ್ಕಳು. ಆಕೆಗೆ ಓದು ಎರಡನೇ ಇಯತ್ತೆಯವರೆಗೆ. ಹಾಗಾಗಿ ಒಂದು ರಟ್ಟಿನ ಮೇಲೆ ಬಟ್ಟಲುಗಳ ಚಿತ್ರ ಬರೆದು, ಯಾವುದಕ್ಕೆ ಎಷ್ಟು ತುಂಬಬೇಕೆಂದು ಬಣ್ಣದ ಪೆನ್ಸಿಲಿನಿಂದ ತುಂಬಿಕೊಟ್ಟೆ. ಜೋಳದ ಹಿಟ್ಟಿನ ಬಟ್ಟಲು ಬಾಯಿಮಟ್ಟ ತುಂಬಿತ್ತು. ಕೆಳಗೆ ದೊಡ್ಡ ಅಕ್ಷರದಲ್ಲಿ "ಗೀರಿ ಹಾಕಬೇಕು" ಎಂದು ಬರೆದೆ. ಆಕೆ ಸೆರಗಿನ ಗಂಟಿಗೆ ಕೈ ಹಾಕಿದಾಗ ಬೇಡವೆಂದೆ.

ಆಕೆಯ ಊರು ಸುರಪುರದ ಕಡೆಯ ಬೋನಾಳ. ಗಂಡ ಅಮಾತೆಪ್ಪ ಕಾಲುವೆಯ ಗೇಟು ಎತ್ತಿಳಿಸುವ ದಿನಗೂಲಿ. ಮನೆಯಲ್ಲಿ ಅತ್ತೆ ಸಾಯಬಮ್ಮ, ಮಗಳು ರೇಣಮ್ಮ. ಮೂರು ಮಕ್ಕಳಲ್ಲಿ ಉಳಿದದ್ದು ಇವಳೊಬ್ಬಳೇ ಎಂಬುದನ್ನು ದೇವಕಮ್ಮ ನನಗೆ ಬಹಳ ದಿನ ಹೇಳಿರಲಿಲ್ಲ.

ಅಂದಿನಿಂದ ತಿಂಗಳಿಗೊಮ್ಮೆಯಾದರೂ ಆಕೆ ಬರತೊಡಗಿದಳು. ಮಗಳನ್ನು ಕಲಬುರಗಿಯಲ್ಲಿ ಡಾಕ್ಟರಿಗೆ ತೋರಿಸಿಕೊಂಡು ಹಿಂದಿರುಗುವಾಗ ನಮ್ಮಲ್ಲಿ ಇಳಿದು ಮುಂದಿನ ಬಸ್ಸಿಗೆ ಹೋಗುತ್ತಿದ್ದಳು. ಪ್ರತಿ ಸಲವೂ ಚೀಲದಲ್ಲಿ ಏನಾದರೊಂದು ಇರುತ್ತಿತ್ತು. ಕಾಲುವೆ ಬರುವ ಮೊದಲು ಆ ಕಡೆ ಊಟವೆಂದರೆ ಜೋಳ. ನೀರು ಬಂದ ಮೇಲೆ ಹೊಲವೆಲ್ಲ ಭತ್ತದ ಗದ್ದೆಯಾಗಿ, ಜೋಳವನ್ನು ಮೇಲಿನ ಒಣಭೂಮಿಯ ಊರುಗಳಿಂದ ಕೊಂಡು ತರುವಂತಾಗಿತ್ತು. ಅಕ್ಕಿಯಲ್ಲೂ ಹೊಸದು, ಹಳೆಯದು, ರೇಷನ್ನಿನದು. ಎಲ್ಲವನ್ನೂ ಆಕೆ ತಂದಳು. ಶೇಂಗಾ, ಅಲಸಂದಿ, ಅವಲಕ್ಕಿ, ರವೆ. ಒಂದೊಂದನ್ನೂ ತೂಗಿ ರಟ್ಟಿನ ಮೇಲೆ ಹೊಸ ಬಟ್ಟಲು ಬರೆಯುತ್ತಿದ್ದೆ. ನೋಡುತ್ತ ನೋಡುತ್ತ ಆಕೆ ತಕ್ಕಡಿಯ ಅಂಕಿ ಓದುವುದನ್ನು ಕಲಿತಳು.

"ಈ ಚುಕ್ಕಿ ಯಾಕ ತಮ್ಮಾ?" ಎಂದು ಒಂದು ದಿನ ಕೇಳಿದಳು. ಅಷ್ಟೊತ್ತಿಗೆ 'ಸಾಹೇಬ್ರು' ಹೋಗಿ 'ತಮ್ಮ' ಆಗಿದ್ದೆ.

"ಚುಕ್ಕಿ ಈಚಿಗಿ ಇರೋದು ಪೂರಾ ಗ್ರಾಮ್ ಅಲ್ಲಕ್ಕಾ. ಚೂರು."

"ಚೂರೂ ತೂಗತದೇನಿದು! ನಮ್ಮ ಅತ್ತಿ ಕಣ್ಣು ಇದ್ದಂಗ ಅದ."

ರೇಣಮ್ಮ ಹೆದರುವ ಹುಡುಗಿಯಲ್ಲ. ತೆಳ್ಳಗೆ, ಕೋಲಿನ ಹಾಗೆ ಇದ್ದಳು. ಎರಡು ಜಡೆಗೆ ಕೆಂಪು ರಿಬ್ಬನ್. ನನಗೆ 'ಗ್ರಾಮ್ ಮಾಮಾ' ಎಂದು ಹೆಸರಿಟ್ಟಿದ್ದಳು. ಡಿಸೆಂಬರಿನಲ್ಲಿ ಬಂದಾಗ ಕಾಗದದ ಪೊಟ್ಟಣ ಬಿಚ್ಚಿ ಬಿದ್ದುಹೋದ ತನ್ನ ಹಾಲುಹಲ್ಲನ್ನು ತೋರಿಸಿ ತೂಗಬೇಕೆಂದು ಹಠ ಮಾಡಿದಳು. ತೂಗಿದೆ. ಅರ್ಧ ಗ್ರಾಮಿಗೆ ಕಮ್ಮಿ.

"ಅಂದ್ರ ನನ್ನ ತೂಕ ಅಷ್ಟು ಕಮ್ಮಿ ಆತಲ್ಲ ಮಾಮಾ? ಅಷ್ಟು ರೊಟ್ಟಿ ಹೆಚ್ಚಿಗಿ ಹಾಕು ಅಂತ ಅವ್ವಗ ಬರದು ಕೊಡ್ರಿ."

"ಹಲ್ಲಿಲ್ಲದ ಬಾಯಾಗ ಹೆಚ್ಚಿಗಿ ರೊಟ್ಟಿ ಹೆಂಗ ತಿಂತಿ?" ಎಂದರು ನಸೀರುದ್ದೀನ ಭಾಯಿ.

"ನುಂಗತೀನ್ರಿ. ನಿಮಗ ಗಡ್ಡ ಅದ, ನೀವು ಹೆಂಗ ತಿಂತೀರಿ?"

ದೇವಕಮ್ಮ ಮಗಳ ತಲೆಗೊಂದು ಮೊಟಕಿದಳು. ಭಾಯಿ ಗಡ್ಡ ಹಿಡಿದುಕೊಂಡು ನಕ್ಕರು.

ಒಂದು ವರ್ಷ ಹೀಗೆ ಚೆನ್ನಾಗಿ ಹೋಯಿತು. ಕಲಬುರಗಿಯ ಡಾಕ್ಟರು ಪ್ರತಿ ಸಲ ರಕ್ತ ನೋಡಿ, ಸಕ್ಕರೆ ಹಿಡಿತದಲ್ಲಿದೆ, ಹೀಗೇ ನಡೆಸು ಎನ್ನುತ್ತಿದ್ದರಂತೆ. ಊರಲ್ಲಿ ಅಡುಗೆ ಮಾಡುವ ಹೆಂಗಸು ಇಷ್ಟು ನೆಟ್ಟಗೆ ಅಳತೆ ಹಿಡಿದದ್ದು ತಾನು ನೋಡಿಲ್ಲ ಎಂದು ಒಮ್ಮೆ ಹೇಳಿದ್ದರು. ಆ ಮಾತನ್ನು ದೇವಕಮ್ಮ ನನಗೆ ಎರಡು ಸಲ ಹೇಳಿದಳು. ನಾನೂ ಅದನ್ನು ನನಗೇ ಹೇಳಿದ್ದೆಂದು ತಿಳಿದುಕೊಂಡೆ.

2004ರ ಶ್ರಾವಣದಲ್ಲಿ ಸಕ್ಕರೆ ಏರಿತು. ಡಾಕ್ಟರು ಔಷಧಿ ಹೆಚ್ಚಿಸಲಿಲ್ಲ. ಊಟದಲ್ಲಿ ಎಲ್ಲೋ ಹೆಚ್ಚಾಗುತ್ತಿದೆ, ಮೊದಲು ಅದನ್ನು ಹುಡುಕು ಎಂದು ಕಳಿಸಿದರು. ದೇವಕಮ್ಮ ನನ್ನ ಕೋಣೆಗೆ ಬಂದಾಗ ಮುಖ ಇಳಿದಿತ್ತು.

"ತಮ್ಮಾ, ನಾ ದಿನಾ ಕೂಲಿಗಿ ಹೋಗತೀನಿ, ಕೂಸಿನ ರೊಟ್ಟಿ ಅತ್ತೀನೇ ಮಾಡಿ ಹಾಕತಾಳ. ಕೇಳಿದ್ರ, ನೀ ಹೇಳಿದಂಗೇ ಮಾಡಾಕತ್ತೀನಿ ಅಂತಾಳ. ನೀ ಒಮ್ಮಿ ಬಂದು ಕಣ್ಣಿಲೆ ನೋಡು. ನಿನ್ನ ಮುಂದ ಸುಳ್ಳು ಹೇಳಂಗಿಲ್ಲ."

ಮುಂದಿನ ಭಾನುವಾರ ಬೋನಾಳಕ್ಕೆ ಹೋದೆ. ಕೆರೆಯ ಮೇಲೆ ಬೆಳ್ಳಕ್ಕಿಗಳು ಕೂತಿದ್ದವು. ಮನೆಯ ಹಿಂದೆಯೇ ಕಾಲುವೆಯ ದಂಡೆ. ಸಾಯಬಮ್ಮ ಒಲೆಯ ಮುಂದೆ ಕೂತು ಅಡುಗೆಗೆ ತೊಡಗಿದ್ದಳು. ಸಣ್ಣ ಮೈಯ ಮುದುಕಿ. ಕೈಗಳು ಮಾತ್ರ ದೊಡ್ಡವು. ಹಿಟ್ಟನ್ನು ಜರಡಿ ಹಿಡಿದು ಅಗಲವಾದ ಪರಾತಿನಲ್ಲಿ ರಾಶಿ ಮಾಡಿಕೊಂಡಳು. ಆ ರಾಶಿಯಿಂದ ಬಟ್ಟಲು ತುಂಬಿದಳು. ಆಮೇಲೆ ಒಂದು ಹಿಡಿ ಹಿಟ್ಟು ತೆಗೆದು ಬಟ್ಟಲಿನ ಮೇಲೆ ಗೋಪುರದ ಹಾಗೆ ಏರಿಸಿದಳು.

"ಅಜ್ಜಿ, ಅದೇನು ಮ್ಯಾಲಿಂದು?"

"ಕೊಸರು."

"ಗೀರಿ ಹಾಕಬೇಕು ಅಂತ ಅಕ್ಕ ಹೇಳಿಲ್ಲೇನು?"

ಮುದುಕಿ ನನ್ನ ಕಡೆ ತಿರುಗಿದಳು. "ಗೀರಿ ಹಾಕೋದು ಕೂಲಿಯವರಿಗಿ ಯಪ್ಪಾ, ಕಡ ಒಯ್ಯವರಿಗಿ. ಮನಿ ಕೂಸಿಗಿ ಯಾರರ ಗೀರಿ ಹಾಕತಾರೇನು? ನೀ ಸಣ್ಣವಿದ್ದಾಗ ನಿಮ್ಮವ್ವ ಗೀರಿ ಹಾಕ್ಯಾಳೇನು?"

ಹಾಕಿಲ್ಲ. ನಮ್ಮ ಕಡೆ ಅದು ಎಲ್ಲರ ಮನೆಯ ರೀತಿ. ಕಾಳಾಗಲಿ ಹಿಟ್ಟಾಗಲಿ, ಹೊರಗಿನವರಿಗೆ ಬಾಯಿಮಟ್ಟ ಗೀರಿ ಅಳೆಯುತ್ತಾರೆ. ಮನೆಯ ಮಕ್ಕಳಿಗೆ ಅಳೆದರೆ ಮೇಲೊಂದು ಹಿಡಿ ಕೊಸರು ಏರಿಸಲೇಬೇಕು. ಗೀರಿದ ಅಳತೆಯಲ್ಲಿ ಉಂಡ ಮಗುವಿಗೆ ಹೊಟ್ಟೆ ತುಂಬುವುದಿಲ್ಲ, ಆಯುಷ್ಯವೂ ತುಂಬುವುದಿಲ್ಲ ಎಂದು ಹಿರಿಯರ ನಂಬಿಕೆ. ಇದೆಲ್ಲ ಗೊತ್ತಿದ್ದೂ, ನನಗೆ ಆ ಹೊತ್ತಿನಲ್ಲಿ ಕಂಡದ್ದು ಒಂದೇ: ಹೆಚ್ಚಾಗುತ್ತಿದ್ದದ್ದು ಎಲ್ಲಿ ಎಂದು ಸಿಕ್ಕಿತು. ಬಂದ ಕೆಲಸ ಆಯಿತು ಎಂಬ ಸಮಾಧಾನ.

"ಎಷ್ಟು ದಿನದಿಂದ ಹಿಂಗ ಹಾಕಾಕತ್ತಿ?" ದೇವಕಮ್ಮ ಕೇಳಿದಳು.

"ಮೊದಲಿಂದ."

"ಒಂದು ವರ್ಷ! ನೋಡು ತಮ್ಮಾ, ನಾ ಚೂರು ಚೂರು ತೂಗಿಸ್ಕೊಂಡು ಬರೋದು, ಈಕಿ ಹಿಡಿಗಟ್ಟಲೆ ಸುರುವೋದು! ನಿನಗ ಮೊಮ್ಮಗಳು ಬೇಕೋ ಬ್ಯಾಡೋ ಅತ್ತಿ?"

"ಬೇಕಂತೇ ಹಾಕೀನಿ," ಎಂದಳು ಮುದುಕಿ.

ಆಗ ನಾನು ಮಾತಾಡಿದೆ. ಓದಿದವನು ತಿಳಿಯದವರಿಗೆ ಹೇಳುವ ಧ್ವನಿಯಲ್ಲಿ ಸೂಜಿ, ಸಕ್ಕರೆ, ಗ್ರಾಂ ಎಲ್ಲ ವಿವರಿಸಿದೆ. ಆಕೆಗೆ ನಾಟಲಿಲ್ಲವೆನಿಸಿ ಕೊನೆಗೆ, "ಅಜ್ಜಿ, ನೀ ಪ್ರೀತಿಲೆ ಹಾಕೋ ಆ ಹಿಡಿ ಹಿಟ್ಟು ಕೂಸಿಗಿ ವಿಷ," ಎಂದೆ.

ಸಾಯಬಮ್ಮ ಬಟ್ಟಲನ್ನೇ ನೋಡುತ್ತಾ ಕೂತಳು. ಆಮೇಲೆ ಅಂಗೈಯ ಅಂಚಿನಿಂದ ಗೋಪುರವನ್ನು ಗೀರಿ ಪರಾತಿಗೆ ಬೀಳಿಸಿದಳು. "ಇವತ್ತಿನಿಂದ ಇಲ್ಲ ಯಪ್ಪಾ," ಎಂದಳು. ಆ ಮಾತನ್ನು ಆಕೆ ಪೂರ್ತಿ ನಡೆಸಿದಳು.

ನಿಜವಾಗಿ ಸಕ್ಕರೆ ಏರಿದ್ದು ಬೇರೆ ಕಾರಣಕ್ಕೆ. ಅದು ಗೊತ್ತಾಗಿದ್ದು ನಾನು ಊಟ ಮುಗಿಸಿ ಹೊರಟು ನಿಂತಾಗ. ನಾಗರ ಪಂಚಮಿಯಲ್ಲಿ ಓಣಿಯ ಗೆಳತಿಯರು ಕೊಟ್ಟ ಬೆಲ್ಲದ ಉಂಡಿಗಳನ್ನು ರೇಣಮ್ಮ ಡಬ್ಬಿಯಲ್ಲಿ ಬಚ್ಚಿಟ್ಟು ದಿನಕ್ಕೊಂದರಂತೆ ತಿಂದಿದ್ದಳು. ಡಬ್ಬಿ ಗೋಡೆಯ ಗೂಡಿನಲ್ಲಿ ಸಿಕ್ಕಿತು. ದೇವಕಮ್ಮ ಅವಳಿಗೆ ಹೊಡೆದಳು. ಮಗಳಿಗೆ ಆಕೆ ಕೈ ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. "ಇನ್ನ ಸಿಹಿ ಮುಟ್ಟಂಗಿಲ್ಲ ಅವ್ವಾ, ಮುಟ್ಟಂಗಿಲ್ಲ," ಎಂದು ಹುಡುಗಿ ಅತ್ತಳು. ಉಂಡಿ ಸಿಕ್ಕಿತಲ್ಲ, ಇನ್ನು ಕೊಸರಿನ ಮಾತು ಮತ್ತೆ ನೋಡೋಣ ಎಂದು ನಮ್ಮಲ್ಲಿ ಯಾರಿಗೂ ಹೊಳೆಯಲಿಲ್ಲ. ಎರಡನ್ನೂ ನಿಲ್ಲಿಸಿದೆವು, ಎರಡೂ ತಪ್ಪೇ ಎಂದುಕೊಂಡೆವು.

ಅದಾದ ಒಂಬತ್ತನೆಯ ದಿನ, ಮಂಗಳವಾರ ಸಂಜೆ ನಾಲ್ಕೂವರೆಗೆ, ರೇಣಮ್ಮ ಶಾಲೆ ಬಿಟ್ಟು ಗೆಳತಿಯರ ಜತೆ ಕಾಲುವೆಯ ದಂಡೆಯ ಮೇಲೆ ಬರುತ್ತಿದ್ದಳು. ಕಾಲು ನಡುಗುತ್ತಿದೆ ಎಂದು ಕೂತಳಂತೆ. ಮೈ ಬೆವತಿತ್ತು. ನಿದ್ದೆ ಬರುತ್ತಿದೆ, ನೀವು ನಡೆಯಿರಿ ಎಂದಳಂತೆ. ಹುಡುಗಿಯರು ಸ್ವಲ್ಪ ಹೊತ್ತು ನಿಂತು, ಆಮೇಲೆ ಗದ್ದೆಯಲ್ಲಿ ಕಳೆ ತೆಗೆಯುತ್ತಿದ್ದ ಹೆಂಗಸರನ್ನು ಕೂಗಿದರು. ಅವರು ಬರುವಷ್ಟರಲ್ಲಿ ಕೈಕಾಲು ಸೆಟೆದಿದ್ದವು. ಬಿಸಿಲು ಬಡಿದಿದೆ ಎಂದು ಒಬ್ಬರು ನೀರು ಚಿಮುಕಿಸಿದರು. ದಂಡೆಯ ಮೇಲೆ ಏನೋ ಹಿಡಿದಿದೆ ಎಂದು ಇನ್ನೊಬ್ಬರು ಬೇವಿನ ಸೊಪ್ಪು ತಂದರು. ದೇವಕಮ್ಮ ಓಡಿ ಬಂದು ಮೊದಲು ಮಾಡಿದ್ದು ಮಗಳ ಶಾಲೆಯ ಚೀಲದಲ್ಲಿ ಕೈ ಹಾಕಿದ್ದು. ಸಕ್ಕರೆ ಇಳಿದರೆ ತಿನ್ನಲೆಂದು ಅಲ್ಲಿ ಯಾವಾಗಲೂ ಒಂದು ಚೂರು ಬೆಲ್ಲ ಕಟ್ಟಿಟ್ಟಿರುತ್ತಿದ್ದಳು. ಗಂಟು ಬರಿದಾಗಿತ್ತು. ಹಿಂದಿನ ದಿನವೂ ಶಾಲೆಯಲ್ಲಿ ಅವಳಿಗೆ ಕೈ ನಡುಗಿತ್ತು, ಬೆಲ್ಲ ತಿಂದು ಸುಧಾರಿಸಿಕೊಂಡಿದ್ದಳು ಎಂದು ಗೆಳತಿಯರು ಆಮೇಲೆ ಹೇಳಿದರು. ಸಿಹಿ ತಿಂದೆ ಎಂದರೆ ಮತ್ತೆ ಬಡಿಯುತ್ತಾರೆಂದು ಮನೆಯಲ್ಲಿ ಹೇಳಿರಲಿಲ್ಲ.

ಟ್ರ್ಯಾಕ್ಟರಿನಲ್ಲಿ ಹಾಕಿಕೊಂಡು ಸುರಪುರಕ್ಕೆ ಹೊರಟರು. ದಾರಿಯಲ್ಲೇ ಜೀವ ಹೋಯಿತು. ಆಸ್ಪತ್ರೆಯಲ್ಲಿ ಬೆರಳು ಚುಚ್ಚಿ ನೋಡಿದವರು, ಸಕ್ಕರೆ ತೀರಾ ಇಳಿದಿದೆ ಎಂದರು.

ಅಂಗಡಿಗೆ ಫೋನು ಬಂದಾಗ ಎತ್ತಿದ್ದು ನಸೀರುದ್ದೀನ ಭಾಯಿ. ಅವರು ನನ್ನ ಹತ್ತಿರ ಬಂದು ತಕ್ಕಡಿಯ ಸ್ವಿಚ್ಚು ಆರಿಸಿದರು. "ನಡಿ, ಬೋನಾಳಕ್ಕ ಹೋಗಬೇಕು," ಎಂದರು. ಅವರೇ ಮೋಟರ್ ಸೈಕಲ್ಲಿನಲ್ಲಿ ಕರೆದುಕೊಂಡು ಹೋದರು.

ಮಣ್ಣಿಗಿಟ್ಟ ಮೇಲೆ ಊರು ಒಂದೇ ಮಾತಾಡಿತು. ಮುದುಕಿ ಒಂದು ವರ್ಷ ಕದ್ದು ಕದ್ದು ಹಿಡಿ ಹಿಟ್ಟು ಹಾಕಿ ಹಾಕಿ ಕೂಸಿನ ಮೈ ಕೆಡಿಸಿದಳು ಎಂದು. ಏರಿದ ಸಕ್ಕರೆ ಯಾವುದು, ಇಳಿದದ್ದು ಯಾವುದು ಎಂದು ಯಾರು ಬಿಡಿಸಿ ನೋಡುತ್ತಾರೆ? ಸಾಯಬಮ್ಮ ಎದುರು ಹೇಳಲಿಲ್ಲ. ಗೋಡೆಗೆ ಮುಖ ಮಾಡಿ, "ನಾನೇ ವಿಷ ಹಾಕಿದ್ನಿ, ನಾನೇ ಹಾಕಿದ್ನಿ," ಎನ್ನುತ್ತಿದ್ದಳು. ಅದು ನಾನು ಕೊಟ್ಟ ಮಾತು. ನಾನು ಅಲ್ಲೇ ನಿಂತಿದ್ದೆ. ಸಕ್ಕರೆ ಇಳಿದದ್ದಕ್ಕೂ ಹೆಚ್ಚು ಉಣ್ಣಿಸಿದ್ದಕ್ಕೂ ಸಂಬಂಧ ಕೂಡುವುದಿಲ್ಲ ಎಂಬಷ್ಟು ನನಗೆ ತಿಳಿದಿತ್ತು. ಸೂಜಿಯಲ್ಲಿ ಏನೋ ಹೆಚ್ಚುಕಮ್ಮಿ ಆಗಿರಬೇಕು ಎಂದುಕೊಂಡೆ. ಬಾಯಿ ಬಿಡಲಿಲ್ಲ.

ಒಂದು ತಿಂಗಳು ಕಳೆದ ಮೇಲೆ ದೇವಕಮ್ಮ ನಮ್ಮ ಕೋಣೆಗೆ ಬಂದಳು. ಈ ಸಲ ಹೊಸ್ತಿಲಲ್ಲಿ ನಿಲ್ಲಲಿಲ್ಲ. ಚೀಲದಿಂದ ಹಿಟ್ಟಿನ ಗಂಟು, ಬಟ್ಟಲು, ಅವುಗಳ ಜತೆಗೆ ಮನೆಯ ಜರಡಿಯನ್ನೂ ತೆಗೆದಳು.

"ತಕ್ಕಡಿ ಹಚ್ಚು ತಮ್ಮಾ. ನೀ ಕೈ ಹಚ್ಚಬ್ಯಾಡ, ನಾನೇ ತುಂಬತೀನಿ."

ನೆಲದ ಮೇಲೆ ಕಾಗದ ಹಾಸಿ ಹಿಟ್ಟನ್ನು ಜರಡಿ ಹಿಡಿದಳು. ಕೆಳಗೆ ಬಿದ್ದ ಹಿಟ್ಟು ಅರಳೆಯ ಹಾಗೆ ಹಗುರಾಗಿ ಉಬ್ಬಿ ನಿಂತಿತು. ಅದನ್ನು ಒತ್ತದೆ, ಕುಲುಕದೆ, ಮನೆಯಲ್ಲಿ ತುಂಬುವ ಹಾಗೆ ಬಟ್ಟಲಿಗೆ ತುಂಬಿ ಅಂಗೈಯಿಂದ ಗೀರಿದಳು. ಪೆಟ್ಟಿಗೆಯ ಬಾಗಿಲು ಸರಿಸಿ ತಾನೇ ಇಟ್ಟಳು. ಅಂಕಿ ನಿಲ್ಲುವವರೆಗೆ ಕಾದಳು.

"ಐವತ್ತೆಂಟು," ಓದಿದಳು. "ಚುಕ್ಕಿ. ಎರಡು."

ನಾನೂ ಬಗ್ಗಿ ಅಂಕಿ ನೋಡಿದೆ.

ಆಕೆ ಒಂದು ಹಿಡಿ ಹಿಟ್ಟು ತೆಗೆದು ಅತ್ತೆಯ ಹಾಗೆ ಮೇಲೆ ಏರಿಸಿದಳು. ಎಪ್ಪತ್ತೊಂಬತ್ತು ತೋರಿಸಿತು.

"ಅವತ್ತು ನೀ ಗಂಟಿನಾಗಿನ ಹಿಟ್ಟು ತೂಗಿದಿ," ಎಂದಳು. "ಒತ್ತಿದ್ದು. ಮನ್ಯಾಗ ನಾವು ಸಾಣಿಗಿಲೆ ಜರಡಿ ಹಿಡದು ಹಾಕತೀವಿ. ನೀ ಕೇಳಲಿಲ್ಲ. ನಾ ಹೇಳಲಿಲ್ಲ."

ಅಷ್ಟೇ ಆಗಿತ್ತು. ರಟ್ಟಿನ ಮೇಲೆ ನಾನು ಬರೆದ ಎಂಬತ್ತು ಗ್ರಾಮಿನ ಬಟ್ಟಲು, ಅವರ ಅಡುಗೆಮನೆಯ ಐವತ್ತೆಂಟು ಗ್ರಾಂ. ಕಮ್ಮಿ ಬಿದ್ದ ಇಪ್ಪತ್ತೆರಡು ಗ್ರಾಮನ್ನು ಸಾಯಬಮ್ಮ ಏನೂ ಗೊತ್ತಿಲ್ಲದೆ, ಮಗುವಿಗೆ ಗೀರಿ ಹಾಕಬಾರದೆಂಬ ಒಂದೇ ಕಾರಣಕ್ಕೆ, ಒಂದು ವರ್ಷ ತುಂಬಿಕೊಟ್ಟಿದ್ದಳು. ಡಾಕ್ಟರು ಮೆಚ್ಚಿದ ಅಳತೆ ಆಕೆಯದು. ನಾನು ಹೋಗಿ ಅದನ್ನು ನಿಲ್ಲಿಸಿದೆ. ಸೂಜಿ ಹಾಗೆಯೇ ಇತ್ತು, ಊಟದಲ್ಲಿ ಕಾಲು ಭಾಗಕ್ಕಿಂತ ಹೆಚ್ಚೇ ಕಡಿತವಾಯಿತು. ಒಂಬತ್ತು ದಿನ ಹುಡುಗಿ ತಡೆದಳು. ಅಕ್ಕಿಯನ್ನೂ ಬೇಳೆಯನ್ನೂ ಒತ್ತಿದರೆ ಅಷ್ಟು ವ್ಯತ್ಯಾಸ ಬರುವುದಿಲ್ಲ, ಹಿಟ್ಟಿಗೆ ಬರುತ್ತದೆ. ಇದು ಯಾವ ದೊಡ್ಡ ವಿದ್ಯೆಯೂ ಅಲ್ಲ. ಹಿಟ್ಟು ಹಾಕುವ ಮೊದಲು ಜರಡಿ ಹಿಡಿಯುತ್ತೀರಾ ಎಂದು ಒಂದು ಮಾತು ಕೇಳಿದ್ದರೆ ಸಾಕಿತ್ತು. ನಮ್ಮ ಅವ್ವನೂ ದಿನಾ ಜರಡಿ ಹಿಡಿದೇ ರೊಟ್ಟಿ ಮಾಡುತ್ತಿದ್ದಳು.

"ಅಕ್ಕಾ, ನಂದು ತಪ್ಪಾತು," ಎಂದೆ.

ಆಕೆ ಕಾಗದದ ಮೇಲಿನ ಹಿಟ್ಟನ್ನು ಒಂದು ಕಣವೂ ಬಿಡದೆ ಗಂಟಿಗೆ ಸೇರಿಸುತ್ತಿದ್ದಳು. "ನಿಂದೂ ತಪ್ಪೇ, ನಂದೂ ತಪ್ಪೇ. ಅತ್ತಿದು ಅಲ್ಲ. ಆಕಿಗಿ ಹೇಳಬೇಕು."

"ಹೇಳಿದ್ರ ಊರು ನಿಮಗ ಅಂತದಕ್ಕಾ."

"ಅನ್ನಲಿ. ಆಕಿ ಒಲಿ ಹತ್ರ ಬರೋದು ಬಿಟ್ಟಾಳ. ಬಟ್ಲ ಕಂಡ್ರ ಎದ್ದು ಹೋಗತಾಳ. ಒಂದು ತಿಂಗಳಾತು, ಯಾರ ಮುಖಾನೂ ನೋಡವಲ್ಲಳು." ಗಂಟನ್ನು ಚೀಲಕ್ಕೆ ಹಾಕಿ ಹೇಳಿದಳು, "ನೀನೂ ಬಾ. ನಾ ಒಬ್ಬಾಕೆ ಹೇಳಿದ್ರ, ಸಮಾಧಾನ ಮಾಡಾಕ ಹೇಳಾಕತ್ತಾಳ ಅಂತಾಳ."

ನಸೀರುದ್ದೀನ ಭಾಯಿ ಬಾಗಿಲಲ್ಲಿ ನಿಂತು ಎಲ್ಲ ಕೇಳಿದ್ದರು. ನಾನು ಕೇಳುವ ಮೊದಲೇ, "ಹೋಗು," ಎಂದರು.

ಬೋನಾಳ ಮುಟ್ಟಿದಾಗ ಮಧ್ಯಾಹ್ನ ಎರಡು. ಅಮಾತೆಪ್ಪ ಗೇಟಿನ ಕಡೆ ಹೋಗಿದ್ದ. ಸಾಯಬಮ್ಮ ಕಟ್ಟೆಯ ಮೇಲೆ ಗೋಡೆಗೆ ಆತು ಕೂತಿದ್ದಳು. ಒಂದು ತಿಂಗಳಲ್ಲಿ ಅರ್ಧ ಆಗಿದ್ದಳು. ನನ್ನನ್ನು ನೋಡಿ ಸೆರಗು ತಲೆಗೆಳೆದುಕೊಂಡಳು.

ದೇವಕಮ್ಮ ಅವಳ ಮುಂದೆ ಕೂತು ಹೇಳಿದಳು. ಸುತ್ತಿ ಬಳಸಿ ಹೇಳಲಿಲ್ಲ. ಗಂಟಿನ ಹಿಟ್ಟು, ಜರಡಿ ಹಿಡಿದ ಹಿಟ್ಟು, ಎಂಬತ್ತು, ಐವತ್ತೆಂಟು. ಮುದುಕಿಗೆ ಅಂಕಿ ತಿಳಿಯಲಿಕ್ಕಿಲ್ಲವೆಂದು ಎರಡು ಬಟ್ಟಲು ತಂದು ಒಂದಕ್ಕೆ ಒತ್ತಿ, ಒಂದಕ್ಕೆ ಹಾಗೆಯೇ ತುಂಬಿ ಎರಡೂ ಅಂಗೈ ಮೇಲೆ ಇಟ್ಟಳು. ಸಾಯಬಮ್ಮ ಕಣ್ಣು ಮುಚ್ಚಿ ಎರಡನ್ನೂ ತೂಗಿ ನೋಡಿದಳು.

"ಅಂದ್ರ ನಾ ಹಾಕತಿದ್ದಿದ್ದು ಬರೋಬ್ಬರಿ ಇತ್ತೇನು?"

"ಹೌದು ಅತ್ತಿ. ಬರೋಬ್ಬರಿ ಇತ್ತು."

"ಮತ್ತ್ಯಾಕ ಬಿಡಿಸಿದ್ರಿ?"

ಕೋಪದಿಂದ ಕೇಳಿದ್ದಲ್ಲ. ತಿಳಿಯದೇ ಕೇಳಿದ್ದು. ದೇವಕಮ್ಮ ತಲೆ ತಗ್ಗಿಸಿದಳು. ನಾನು ಮುಂದೆ ಬಂದು, "ತಿಳೀಲಿಲ್ಲ ಅಜ್ಜಿ. ಓದೀನಿ ಅಂತ ತಿಳಕೊಂಡಿದ್ನಿ, ತಿಳದಿರಲಿಲ್ಲ. ವಿಷ ಅಂದ್ನಿ. ಅದು ವಿಷ ಅಲ್ಲ," ಎಂದು ಆಕೆಯ ಕಾಲು ಮುಟ್ಟಿದೆ.

ಸಾಯಬಮ್ಮ ಕಾಲು ಹಿಂದೆಳೆದುಕೊಂಡಳು. ಎರಡೂ ಬಟ್ಟಲುಗಳನ್ನು ಸೊಸೆಯ ಕೈಗೆ ಕೊಟ್ಟು, "ಅಂವಗ ನೀರು ಕೊಡು. ಬಿಸಲಾಗ ಬಂದಾನ," ಎಂದಳು. ಆಮೇಲೆ ಎದ್ದು ಒಳಗೆ ಹೋಗಿ ಅತ್ತಳು. ಮಗು ಸತ್ತಂದಿನಿಂದ ಆಕೆ ಅತ್ತಿರಲಿಲ್ಲವಂತೆ. ಆ ಅಳು ಕೇಳಿ ಅಕ್ಕಪಕ್ಕದವರು ಬಂದರು. ಬಂದವರಿಗೆಲ್ಲ ದೇವಕಮ್ಮ ಮತ್ತೆ ಮೊದಲಿನಿಂದ ಹೇಳಿದಳು, ತನ್ನ ತಪ್ಪನ್ನು ಮುಂದಿಟ್ಟು. ಕೆಲವರು ಒಪ್ಪಿದರು. ಕೆಲವರು, ತಾಯಿಯೇ ಅಳತೆ ಕಟ್ಟಿ ಕೊಂದಳು ಎಂದು ಅದನ್ನೂ ಊರ ತುಂಬ ಹರಡಿದರು. ಆ ಮಾತು ಇವತ್ತಿಗೂ ಅಲ್ಲಿ ಇದೆ. ಆಕೆ ಅದಕ್ಕೆ ಉತ್ತರ ಕೊಟ್ಟದ್ದು ನಾನು ಕೇಳಿಲ್ಲ.

ಸಾಯಬಮ್ಮ ಮತ್ತೆ ಮೂರು ವರ್ಷ ಬದುಕಿದ್ದಳು. ಅತ್ತೆ ಸೊಸೆ ಒಂದೇ ಒಲೆಯಲ್ಲಿ ಮಾಡಿಕೊಂಡು ಉಂಡರು. ಮುದುಕಿ ಕೊನೆಯ ದಿನಗಳಲ್ಲಿ ಹಾಸಿಗೆ ಹಿಡಿದಾಗ ದೇವಕಮ್ಮ ಕೂಲಿ ಬಿಟ್ಟು ಆರು ತಿಂಗಳು ಮನೆಯಲ್ಲೇ ಇದ್ದಳು. ಅಮಾತೆಪ್ಪನಿಗೆ ಗೇಟಿನ ಕೆಲಸ ಹೋಗಿ ಈಗ ಕೆರೆಯ ಕಡೆ ಕಾವಲಿಗಿದ್ದಾನೆ. ಅವರಿಗೆ ಬೇರೆ ಮಕ್ಕಳಾಗಲಿಲ್ಲ.

ನಾನು ಸುರಪುರಕ್ಕೆ ಹೋದಾಗಲೆಲ್ಲ ಆಕೆಯನ್ನು ಕಂಡು ಬರುತ್ತೇನೆ. ಮೊದಮೊದಲು ಹೋಗುವುದು ಕಷ್ಟವಾಗುತ್ತಿತ್ತು. "ಬಂದ್ಯಾ ತಮ್ಮಾ, ಕೂಡು," ಎನ್ನುತ್ತಾಳೆ. ಮನೆಯವರ ಬಗ್ಗೆ ಕೇಳುತ್ತಾಳೆ, ಮಳೆಯ ಬಗ್ಗೆ ಕೇಳುತ್ತಾಳೆ. ರೇಣಮ್ಮನ ಮಾತು ನಾನು ತೆಗೆಯುವುದಿಲ್ಲ. ಆಕೆ ಒಂದೊಂದು ಸಲ ತೆಗೆಯುತ್ತಾಳೆ. "ಇದ್ದಿದ್ರ ಈಗ ಮೂವತ್ತರ ಹತ್ರ ಬರತಿದ್ಲು," ಎಂದಳು ಹೋದ ಸಲ.

ದೇವಕಮ್ಮ ಈಗ ಸುರಪುರದ ಬಸ್ ನಿಲ್ದಾಣದ ಹಿಂದಿನ ಒಂದು ಖಾನಾವಳಿಯಲ್ಲಿ ರೊಟ್ಟಿ ಬಡಿಯುತ್ತಾಳೆ. ಬೆಳಿಗ್ಗೆ ಎಂಟಕ್ಕೆ ಬೋನಾಳದಿಂದ ಟಂಟಂ ಆಟೊ ಹತ್ತಿ ಬರುತ್ತಾಳೆ, ಸಂಜೆ ಐದಕ್ಕೆ ಹಿಂದಿರುಗುತ್ತಾಳೆ. ಸೋಮವಾರ ರಜೆ.